ಹೊರಕಿವಿಯ ಸೋಂಕು

ಹೊರಕಿವಿಯ ಸೋಂಕು ಎಂದರೆ ಕಿವಿಹಾಲೆಯಿಂದ ಕಿವಿತಮಟೆಯವರೆಗಿನ ಚರ್ಮದಲ್ಲಿ, ಮುಖ್ಯವಾಗಿ ಕರ್ಣನಾಳದ ಒಳಗೋಡೆಯಲ್ಲಿ, ಬ್ಯಾಕ್ಟೀರಿಯ, ಶಿಲೀಂಧ್ರ ಅಥವಾ ವೈರಸ್ಸುಗಳಿಂದ ಉಂಟಾಗುವ ಉರಿಯೂತ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಓಟೈಟಿಸ್ ಎಕ್ಸ್‌ಟರ್ನಾ ಎಂದು ಹೆಸರು. ‘ಈಜುಗಾರರ ಕಿವಿ’ ಎಂಬ ರೂಢಿನಾಮವೂ ಇದೆ. ಆದರೆ ಈಜುಕೊಳದ ಮುಖವನ್ನೇ ನೋಡದವರಿಗೂ ಇದು ಧಾರಾಳವಾಗಿ ಬರುತ್ತದೆ.

ನಡುಕಿವಿಯ ಸೋಂಕಿನಿಂದ ಇದು ಮೂಲದಲ್ಲೇ ಬೇರೆ. ನಡುಕಿವಿಗೆ ರೋಗಾಣುಗಳು ಸಾಮಾನ್ಯವಾಗಿ ನೆಗಡಿಯ ಬೆನ್ನಲ್ಲಿ, ಮೂಗಿನ ಹಿಂಭಾಗದಿಂದ ತಮಟೆಯ ಒಳಬದಿಗೆ ಏರುತ್ತವೆ. ಹೊರಕಿವಿಯ ಸೋಂಕು ತಮಟೆಯ ಹೊರಬದಿಯದು. ಸ್ವಭಾವದಲ್ಲಿ ಅದೊಂದು ಚರ್ಮರೋಗ. ಕಿವಿನೋವು, ಕಿವಿ ಸೋರುವುದು, ಕಿವಿ ಮಂದವಾಗುವುದು ಎರಡರಲ್ಲೂ ಇರುವುದರಿಂದ ಆಡುಮಾತಿನಲ್ಲಿ ಎರಡನ್ನೂ ‘ಕಿವಿ ಸೋರುತ್ತಿದೆ’ ಎಂದೇ ಹೇಳುತ್ತಾರೆ. ಚಿಕಿತ್ಸೆ ಮಾತ್ರ ಒಂದೇ ಅಲ್ಲ.

ಹತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ ಎಂಬುದು ವೈದ್ಯ ಸಾಹಿತ್ಯದ ಸಾಮಾನ್ಯ ಅಂದಾಜು. ಅಮೆರಿಕದಲ್ಲಿ ವರ್ಷಕ್ಕೆ ಪ್ರತಿ 100ರಿಂದ 250 ಜನರಲ್ಲಿ ಒಬ್ಬರಿಗೆ ಇದರ ತೀವ್ರರೂಪ ಬರುತ್ತದೆ. 7ರಿಂದ 12 ವರ್ಷದ ಮಕ್ಕಳಲ್ಲಿ ಹೆಚ್ಚು. ಬಹುಪಾಲು ರೋಗಿಗಳಲ್ಲಿ ಒಂದೇ ಕಿವಿ ಸೋಂಕಿಗೆ ಒಳಗಾಗುತ್ತದೆ.

ಇತಿಹಾಸ

ಕ್ರಿ.ಪೂ. ಸುಮಾರು 1550ರ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಸೋರುವ ಕಿವಿಗೆ ಮದ್ದುಗಳಿವೆ. ಸುಶ್ರುತಸಂಹಿತೆಯ ಉತ್ತರತಂತ್ರ ಕಿವಿಗೇ ಮೀಸಲಾದ ಅಧ್ಯಾಯವೊಂದರಲ್ಲಿ 28 ಕರ್ಣರೋಗಗಳನ್ನು ಎಣಿಸುತ್ತದೆ. ಕರ್ಣಶೂಲ, ಕರ್ಣಸ್ರಾವ, ಕರ್ಣಕಂಡು, ಕರ್ಣಗೂಥ, ಕರ್ಣಪಾಕ, ಪೂತಿಕರ್ಣ, ಕೃಮಿಕರ್ಣ ಎಂಬ ಹೆಸರುಗಳಲ್ಲಿ ನೋವು, ಸೋರಿಕೆ, ತುರಿಕೆ, ಗುಗ್ಗೆ, ಕೀವು, ದುರ್ಗಂಧ, ಹುಳು ಎಲ್ಲವೂ ಬಂದಿವೆ. ಇವುಗಳಲ್ಲಿ ಹಲವು ಇಂದಿನ ಹೊರಕಿವಿಯ ಸೋಂಕಿಗೆ ಹೊಂದುತ್ತವೆ. ಆದರೆ ಒಂದಕ್ಕೊಂದು ನೇರವಾಗಿ ತಾಳೆ ಹಾಕಲಾಗದು: ಆ ವಿಂಗಡಣೆ ಲಕ್ಷಣಗಳನ್ನು ಆಧರಿಸಿದ್ದು, ತಮಟೆಯ ಆಚೆ ಈಚೆ ಎಂಬ ಭೇದವನ್ನು ಅವಲಂಬಿಸಿದ್ದಲ್ಲ.

ಆ ಭೇದ ಕಣ್ಣಿಗೆ ಕಾಣಲು ನಾಳದೊಳಕ್ಕೆ ಬೆಳಕು ಹಾಯಬೇಕಿತ್ತು. ನಡುವೆ ತೂತಿರುವ ಕನ್ನಡಿಯಿಂದ ಬೆಳಕನ್ನು ಪ್ರತಿಫಲಿಸಿ, ಆ ತೂತಿನಿಂದಲೇ ಕಿವಿಯೊಳಗೆ ನೋಡುವ ವಿಧಾನ 19ನೆಯ ಶತಮಾನದ ಮಧ್ಯದಲ್ಲಿ ಜರ್ಮನ್ ವೈದ್ಯರಿಂದ ರೂಢಿಗೆ ಬಂತು. ಇಂದಿನ ಓಟೋಸ್ಕೋಪಿನ ಹಿಂದಿರುವುದು ಅದೇ ತತ್ತ್ವ.

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೂ ಆಗ್ನೇಯ ಏಷ್ಯಕ್ಕೂ ಹೋದ ಸೈನಿಕರು ಸೆಕೆ, ಬೆವರು, ಮಳೆಯ ನಡುವೆ ಕಿವಿನೋವಿನಿಂದ ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. ‘ಸಿಂಗಪುರ ಕಿವಿ’, ‘ಹಾಂಗ್‌ಕಾಂಗ್ ಕಿವಿ’ ಎಂಬ ಅಡ್ಡಹೆಸರುಗಳು ಉಷ್ಣವಲಯದ ಈ ಅನುಭವದಿಂದ ಹುಟ್ಟಿದವು. ಅದುವರೆಗೆ ಇದರ ಮೂಲ ಬಹುತೇಕ ಬೂಷ್ಟೇ ಎಂಬ ನಂಬಿಕೆಯಿತ್ತು. ಯುದ್ಧಕಾಲದ ಮತ್ತು ಅನಂತರದ ಪರೀಕ್ಷೆಗಳು ಬ್ಯಾಕ್ಟೀರಿಯಗಳನ್ನು, ಅದರಲ್ಲೂ ಸ್ಯೂಡೊಮೊನಾಸ್ ಏರುಜಿನೋಸಾವನ್ನು, ಮುಂಚೂಣಿಗೆ ತಂದವು. ಮಧುಮೇಹಿಗಳಲ್ಲಿ ಇದೇ ಸೋಂಕು ತಲೆಬುರುಡೆಯ ಮೂಳೆಗೆ ಇಳಿಯಬಲ್ಲದು ಎಂಬುದರ ವರದಿ 1959ರಲ್ಲಿ ಪ್ರಕಟವಾಯಿತು. 1968ರಲ್ಲಿ ಅಮೆರಿಕದ ಜೇಮ್ಸ್ ಚಾಂಡ್ಲರ್ ಅಂಥ 13 ರೋಗಿಗಳ ವಿವರ ಕೊಟ್ಟು ಅದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದರು.

ರಚನೆ

ಹೊರಕಿವಿಗೆ ಎರಡು ಭಾಗ: ಹೊರಗೆ ಕಾಣುವ ಹಾಲೆ ಮತ್ತು ಒಳಗೆ ಸಾಗುವ ಕರ್ಣನಾಳ. ಕೆಳತುದಿಯಲ್ಲಿ ಓಲೆ ಹಾಕುವ ಮೆತ್ತನೆಯ ಭಾಗವನ್ನು ಬಿಟ್ಟರೆ ಹಾಲೆಯೆಲ್ಲ ಮೃದ್ವಸ್ಥಿಯ ಚೌಕಟ್ಟು. ನಾಳದ ಬಾಯಿಗೆ ಮುಂದಿನಿಂದ ಚಾಚಿರುವ ಪುಟ್ಟ ಗುಬುಟಿಗೆ ಟ್ರೇಗಸ್ ಎಂದು ಹೆಸರು.

ವಯಸ್ಕರಲ್ಲಿ ಕರ್ಣನಾಳದ ಉದ್ದ ಸುಮಾರು 2.5 ಸೆಂಟಿಮೀಟರ್. ಅದು ನೇರ ಕೊಳವೆಯಲ್ಲ, ಸ್ವಲ್ಪ ಬಳುಕಿದೆ. ಹೊರಗಿನ ಮೂರನೆಯ ಒಂದು ಭಾಗದ ಗೋಡೆ ಮೃದ್ವಸ್ಥಿಯದು, ಒಳಗಿನ ಮೂರನೆಯ ಎರಡು ಭಾಗ ಮೂಳೆಯದು. ಎರಡೂ ಕೂಡುವೆಡೆ ನಾಳ ಕಿರಿದಾಗುತ್ತದೆ. ತಮಟೆ ಓರೆಯಾಗಿ ನಿಂತಿರುವುದರಿಂದ ಅದರ ಮುಂದೆ, ಕೆಳಗಡೆ, ಒಂದು ಚಿಕ್ಕ ತಗ್ಗು ಉಳಿಯುತ್ತದೆ. ನಾಳಕ್ಕೆ ಹೋದ ನೀರು ನಿಂತುಬಿಡುವುದು ಇಲ್ಲಿ.

ಎರಡು ಭಾಗಗಳ ಚರ್ಮವೂ ಬೇರೆಬೇರೆ. ಮೃದ್ವಸ್ಥಿಯ ಮೇಲಿನದು ದಪ್ಪ; ಅದರಲ್ಲಿ ಕೂದಲಿನ ಬೇರು, ಎಣ್ಣೆ ಗ್ರಂಥಿ, ಗುಗ್ಗೆ ಗ್ರಂಥಿಗಳಿವೆ. ಮೂಳೆಯ ಮೇಲಿನ ಚರ್ಮ ತೀರ ತೆಳು. ಅದರಡಿ ಕೊಬ್ಬಿನ ಪದರವಿಲ್ಲ, ಚರ್ಮ ಮೂಳೆಪೊರೆಗೇ ಅಂಟಿಕೊಂಡಿರುತ್ತದೆ. ಈ ಸೋಂಕಿನಲ್ಲಿ ನೋವು ಯಾಕಷ್ಟು ಎಂಬುದಕ್ಕೆ ಉತ್ತರ ಇಲ್ಲಿದೆ. ಊದಿಕೊಂಡ ಚರ್ಮಕ್ಕೆ ಹಿಗ್ಗಲು ಜಾಗವಿಲ್ಲದೆ ನರಗಳ ಮೇಲೆ ಒತ್ತಡ ಬೀಳುತ್ತದೆ.

ನರಗಳಂತೂ ಇಲ್ಲಿ ಹೇರಳ. ಕೆಳದವಡೆಗೆ ಹೋಗುವ ನರದ ಕವಲು, ಕತ್ತಿನಿಂದ ಬರುವ ನರ, ಮುಖನರದ ಎಳೆಗಳು, ವೇಗಸ್ ನರದ ಒಂದು ಶಾಖೆ ಎಲ್ಲವೂ ಈ ಚಿಕ್ಕ ನಾಳವನ್ನು ತಲುಪುತ್ತವೆ. ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುವುದು ವೇಗಸ್‌ನ ಆ ಶಾಖೆಯಿಂದ. ಜರ್ಮನ್ ಅಂಗರಚನಾ ವಿಜ್ಞಾನಿ ಫ್ರೀಡ್ರಿಶ್ ಆರ್ನಲ್ಡ್ ಅವರ ಹೆಸರು ಅದಕ್ಕಿದೆ. ದವಡೆಯ ಕೀಲು ನಾಳದ ಮುಂಗೋಡೆಗೆ ಒತ್ತಿಕೊಂಡೇ ಇರುವುದರಿಂದ ಸೋಂಕಾದಾಗ ಅಗಿಯುವುದೂ ಆಕಳಿಸುವುದೂ ಕಷ್ಟ.

ಮೃದ್ವಸ್ಥಿಯ ಗೋಡೆಯಲ್ಲಿ ಸಹಜವಾಗಿಯೇ ಕೆಲವು ಸೀಳುಗಳಿವೆ. ನಾಳ ಬಾಗಲು ಅವು ಅನುಕೂಲ. ಆದರೆ ತೀವ್ರ ಸೋಂಕು ನಾಳವನ್ನು ದಾಟಿ ಕೆನ್ನೆಯ ಜೊಲ್ಲುಗ್ರಂಥಿಯತ್ತ, ತಲೆಬುರುಡೆಯ ತಳದತ್ತ ನುಗ್ಗುವುದೂ ಅವುಗಳ ಮೂಲಕವೇ.

ಸಹಜ ರಕ್ಷಣೆ

ಕರ್ಣನಾಳ ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ. ಇದನ್ನು ಅರಿಯದೆ ಈ ರೋಗದ ಕಾರಣಗಳು ಅರ್ಥವಾಗುವುದಿಲ್ಲ. ಮೈಯ ಉಳಿದೆಡೆ ಚರ್ಮದ ಸತ್ತ ಪದರ ಇದ್ದಲ್ಲೇ ಉದುರುತ್ತದೆ. ಕಿವಿಯಲ್ಲಿ ಹಾಗಲ್ಲ: ಅದು ತಮಟೆಯ ನಡುವಿನಿಂದ ಅಂಚಿಗೆ, ಅಲ್ಲಿಂದ ನಾಳದ ಗೋಡೆಗುಂಟ ಹೊರಬಾಯಿಗೆ ನಿಧಾನವಾಗಿ ಸರಿಯುತ್ತ ಬರುತ್ತದೆ. ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಬೆರಳಿನ ಉಗುರು ಬೆಳೆಯುವುದೂ ಹೆಚ್ಚುಕಡಿಮೆ ಇಷ್ಟೇ ವೇಗದಲ್ಲಿ. ಮಾತಾಡುವಾಗ, ಅಗಿಯುವಾಗ ಆಡುವ ದವಡೆ ಈ ಚಲನೆಗೆ ನೆರವಾಗುತ್ತದೆ.

ಗುಗ್ಗೆ ಕೊಳೆಯಲ್ಲ. ಗ್ರಂಥಿಗಳ ಸ್ರಾವವೂ ಉದುರಿದ ಚರ್ಮವೂ ಸೇರಿ ಆಗುವ ಈ ಅಂಟು ಪದಾರ್ಥ ನೀರನ್ನು ಒಳಗೆ ಇಂಗಗೊಡುವುದಿಲ್ಲ. ಅದು ಆಮ್ಲೀಯ, ಹಾಗಾಗಿ ಬಹುತೇಕ ಬ್ಯಾಕ್ಟೀರಿಯಗಳು ಬೆಳೆಯಲಾರವು. ಬ್ಯಾಕ್ಟೀರಿಯದ ಕವಚವನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವವೂ ಅದರಲ್ಲಿದೆ. ಗುಗ್ಗೆಯ ಬಗೆ ವಂಶದಿಂದ ಬರುತ್ತದೆ. ಎಬಿಸಿಸಿ11 ಎಂಬ ಜೀನಿನ ಒಂದೇ ಅಕ್ಷರ ಬದಲಾದರೆ ಅಂಟು ಗುಗ್ಗೆಯ ಬದಲು ಪುಡಿಗುಗ್ಗೆ ಬರುತ್ತದೆ ಎಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಪೂರ್ವ ಏಷ್ಯದಲ್ಲಿ ಪುಡಿಗುಗ್ಗೆಯವರು ಹೆಚ್ಚು, ಆಫ್ರಿಕ ಮತ್ತು ಯುರೋಪಿನಲ್ಲಿ ಅಂಟುಗುಗ್ಗೆಯವರು.

ಕಾರಣಗಳು

ರೋಗಾಣು ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಆರೋಗ್ಯವಂತ ಕಿವಿಯಲ್ಲೂ ಸ್ಟ್ಯಾಫಿಲೊಕಾಕಸ್ ಜಾತಿಯ ನಿರುಪದ್ರವಿ ಬ್ಯಾಕ್ಟೀರಿಯಗಳು ಸದಾ ಇರುತ್ತವೆ. ಮೊದಲು ರಕ್ಷಣೆ ಕೆಡಬೇಕು. ಹಾಗೆ ಕೆಡಿಸುವವುಗಳಲ್ಲಿ ತೇವ ಮತ್ತು ಗೀರು ಮುಖ್ಯ; ಇವೆರಡೂ ಸಾಮಾನ್ಯವಾಗಿ ಒಂದರ ಹಿಂದೆ ಒಂದು ಬರುತ್ತವೆ.

ನೀರು ಬಹಳ ಹೊತ್ತು ನಿಂತರೆ ಚರ್ಮದ ಮೇಲ್ಪದರ ನೆನೆದು ಉಬ್ಬುತ್ತದೆ, ಗ್ರಂಥಿಗಳ ಬಾಯಿ ಕಟ್ಟಿಕೊಳ್ಳುತ್ತದೆ. ಗುಗ್ಗೆ ಕರಗಿ ಹೋಗಿ ಆಮ್ಲತೆ ಇಳಿಯುತ್ತದೆ. ಒಳಗೆ ತುರಿಕೆ ಏಳುತ್ತದೆ. ತುರಿಸಿಕೊಂಡಾಗ ತೆಳು ಚರ್ಮ ಸೀಳುತ್ತದೆ, ಸೀಳಿದಲ್ಲಿ ರೋಗಾಣು ಸೇರುತ್ತದೆ, ಅದರಿಂದ ತುರಿಕೆ ಇನ್ನೂ ಜೋರಾಗುತ್ತದೆ. ಕೆರೆ, ಬಾವಿ, ಹೊಳೆ, ಕೊಳ ಯಾವುದರ ನೀರಾದರೂ ಸರಿ. ನೀರು ಕೊಳಕಾದಷ್ಟೂ, ಮುಳುಗುವ ಸಮಯ ಹೆಚ್ಚಿದಷ್ಟೂ ಅಪಾಯ ಜಾಸ್ತಿ. ವಾತಾವರಣದ ತೇವವೊಂದೇ ಸಾಕಾಗುವುದೂ ಉಂಟು. ಕರ್ನಾಟಕದ ಕರಾವಳಿ, ಮಲೆನಾಡುಗಳ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ ಕಿವಿಯ ಬೂಷ್ಟಿಗೆ ಹೇಳಿಮಾಡಿಸಿದ್ದು. ವಾರಗಟ್ಟಲೆ ಒತ್ತಡದ ಕೋಣೆಯಲ್ಲೇ ವಾಸಿಸುವ ಆಳಸಮುದ್ರದ ಮುಳುಗುಗಾರರಿಗೆ ಇದು ವೃತ್ತಿರೋಗ. ಆಮ್ಲೀಯ ಹನಿಯನ್ನು ನಿತ್ಯ ಹಾಕಿಕೊಳ್ಳುವುದು ಅವರ ದಿನಚರಿಯ ಭಾಗ.

ಗೀರಿನ ಸಾಧನಗಳ ಪಟ್ಟಿ ಮುಗಿಯುವಂಥದ್ದಲ್ಲ: ಹೇರ್‌ಪಿನ್, ಬೆಂಕಿಕಡ್ಡಿ, ಪೆನ್ನಿನ ಮುಚ್ಚಳ, ಬೀಗದ ಕೈ, ಕಿರುಬೆರಳ ಉಗುರು. ಇವುಗಳ ಸಭ್ಯರೂಪ ಹತ್ತಿಕಡ್ಡಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಲಿಯೊ ಗರ್ಸ್ಟೆನ್‌ಜಾಂಗ್ ಅದನ್ನು ಮಾರುಕಟ್ಟೆಗೆ ತಂದರು. ಇಂದು ಪೊಟ್ಟಣದ ಮೇಲೆಯೇ ‘ನಾಳದೊಳಗೆ ಹಾಕಬೇಡಿ’ ಎಂದು ಅಚ್ಚಾಗಿದ್ದರೂ ಜನ ಕೊಳ್ಳುವುದು ಬಹುಮಟ್ಟಿಗೆ ಅದಕ್ಕಾಗಿಯೇ. ಹತ್ತಿಕಡ್ಡಿ ಗುಗ್ಗೆಯನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಒಳಕ್ಕೆ ದೂಡುತ್ತದೆ, ಚರ್ಮದ ಮೇಲೆ ಉಳಿದ ರಕ್ಷಾಪದರವನ್ನೂ ಒರೆಸಿಬಿಡುತ್ತದೆ. 1990ರಿಂದ 2010ರವರೆಗಿನ ಎರಡು ದಶಕಗಳಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಹತ್ತಿಕಡ್ಡಿಯ ಗಾಯದಿಂದ ಬಂದ ಮಕ್ಕಳ ಸಂಖ್ಯೆ ಸುಮಾರು 2.63 ಲಕ್ಷ ಎಂದು ಅಂದಾಜಾಗಿದೆ. ಉತ್ತರ ಭಾರತದ ಪೇಟೆಗಳಲ್ಲಿ ಕೆಂಪು ಪೇಟ ಸುತ್ತಿ, ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಗಿರಾಕಿಗಳ ಗುಗ್ಗೆ ತೆಗೆಯುವ ಕಸುಬುದಾರರು ಇಂದಿಗೂ ಇದ್ದಾರೆ. ಒಂದೇ ಲೋಹದ ಕಡ್ಡಿ ಹಲವು ಕಿವಿಗಳಿಗೆ ಹೋಗುವುದು ಅಲ್ಲಿನ ಮುಖ್ಯ ಅಪಾಯ.

ಭಾರತದ ಮನೆಮದ್ದುಗಳಲ್ಲಿ ಎಣ್ಣೆಗೆ ದೊಡ್ಡ ಸ್ಥಾನ. ಎಣ್ಣೆಸ್ನಾನದ ದಿನ ಕಿವಿಗೆ ನಾಲ್ಕು ಹನಿ ಕೊಬ್ಬರಿ ಅಥವಾ ಎಳ್ಳೆಣ್ಣೆ ಬಿಡುವುದು, ನೋವೆಂದರೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಇಲ್ಲವೆ ತುಳಸಿಯ ರಸ ಹಿಂಡುವುದು ಹಲವು ಮನೆಗಳ ವಾಡಿಕೆ. ಆರೋಗ್ಯವಾದ ಕಿವಿಗೆ ಅಪರೂಪಕ್ಕೊಮ್ಮೆ ಬೀಳುವ ಎಣ್ಣೆಯಿಂದ ದೊಡ್ಡ ಕೇಡಾಗುವುದಿಲ್ಲ. ತಮಟೆ ತೂತಾಗಿದ್ದರೆ ಅಥವಾ ಒಳಗೆ ಆಗಲೇ ತೇವವಿದ್ದರೆ ಆಗುತ್ತದೆ. ಭಾರತದ ಆಸ್ಪತ್ರೆಗಳ ಅಧ್ಯಯನಗಳಲ್ಲಿ ಬೂಷ್ಟಿನ ಸೋಂಕಿನಿಂದ ಬಂದವರ ನಡುವೆ ಎಣ್ಣೆ ಬಿಟ್ಟುಕೊಂಡವರು ಪದೇಪದೇ ಕಾಣುತ್ತಾರೆ. ಕಾದ ಎಣ್ಣೆ ಸುಟ್ಟ ಗಾಯವನ್ನೂ ಮಾಡಬಲ್ಲದು.

ಉಳಿದ ಪೂರಕ ಕಾರಣಗಳು ಹಲವು. ತಲೆಹೊಟ್ಟು, ಇಸಬು, ಸೋರಿಯಾಸಿಸ್ ಇದ್ದವರಲ್ಲಿ ನಾಳದ ಚರ್ಮವೂ ಬಿರಿಯುತ್ತದೆ. ಶ್ರವಣಸಾಧನ, ಇಯರ್‌ಫೋನ್, ಕಿವಿಬಿರಡೆಗಳು ಗಾಳಿಯಾಡಗೊಡದೆ ಒಳಗೆ ಸೆಕೆ, ತೇವ ಹೆಚ್ಚಿಸುತ್ತವೆ. ಶಾಂಪೂ, ಕೂದಲಿನ ಬಣ್ಣ, ನಿಕ್ಕಲ್ ಬೆರೆತ ಆಭರಣಗಳ ಅಲರ್ಜಿಯೂ ಉಂಟು. ತಣ್ಣೀರಿನಲ್ಲಿ ವರ್ಷಗಟ್ಟಲೆ ಈಜಿದವರ, ಅಲೆಸವಾರಿ ಮಾಡಿದವರ ನಾಳದಲ್ಲಿ ಮೂಳೆಯ ಗಂಟುಗಳು ಬೆಳೆದು ನೀರು ಹೊರಬರದಂತೆ ತಡೆಯುತ್ತವೆ. 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು 23 ನಿಯಾಂಡರ್ತಲ್ ಮಾನವರ ಅವಶೇಷಗಳನ್ನು ಪರಿಶೀಲಿಸಿ ಸುಮಾರು ಅರ್ಧದಷ್ಟರಲ್ಲಿ ಇಂಥ ಗಂಟುಗಳನ್ನು ಕಂಡಿತು. ಅವರು ನೀರಿಗಿಳಿದು ಆಹಾರ ಹುಡುಕುತ್ತಿದ್ದರು ಎಂಬ ಊಹೆಗೆ ಅದೊಂದು ಆಧಾರ.

ರೋಗಾಣುಗಳು

ಉತ್ತರ ಅಮೆರಿಕದಲ್ಲಿ ತೀವ್ರ ಸೋಂಕುಗಳಲ್ಲಿ ಸುಮಾರು 98 ಪ್ರತಿಶತ ಬ್ಯಾಕ್ಟೀರಿಯದವು. ಸ್ಯೂಡೊಮೊನಾಸ್ ಏರುಜಿನೋಸಾ ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್ ಇವುಗಳಲ್ಲಿ ಪ್ರಧಾನ, ಎರಡೂ ಕೂಡಿ ಇರುವುದೂ ಸಾಮಾನ್ಯ. ಸ್ಯೂಡೊಮೊನಾಸ್ ನೀರಿನ ಜೀವಿ. ನಲ್ಲಿ, ತೊಟ್ಟಿ, ಕೊಳದ ಗೋಡೆ, ಒದ್ದೆ ಸ್ಪಂಜು ಎಲ್ಲಿ ತೇವವಿದ್ದರೂ ಜಾರುಪದರ ಕಟ್ಟಿಕೊಂಡು ಬದುಕುತ್ತದೆ, ಹಲವು ಆಂಟಿಬಯಾಟಿಕ್‌ಗಳಿಗೆ ಸಹಜವಾಗಿಯೇ ಜಗ್ಗುವುದಿಲ್ಲ. ಅದು ಸ್ರವಿಸುವ ವರ್ಣದ್ರವ್ಯಗಳಿಂದ ಕೀವಿಗೆ ಹಸಿರು ಛಾಯೆ ಬರುತ್ತದೆ.

ಶಿಲೀಂಧ್ರಗಳ ಪಾಲು ಶೀತದೇಶಗಳಲ್ಲಿ ಕಡಿಮೆ, ಉಷ್ಣವಲಯದಲ್ಲಿ ಹೆಚ್ಚು. ಆಸ್ಪರ್ಜಿಲಸ್ ಮತ್ತು ಕ್ಯಾಂಡಿಡ ಕುಲದವು ಮುಖ್ಯ. ಆಂಟಿಬಯಾಟಿಕ್ ಹನಿಯನ್ನು ದೀರ್ಘಕಾಲ ಹಾಕಿಕೊಂಡವರಲ್ಲಿ ಬ್ಯಾಕ್ಟೀರಿಯಗಳು ಅಳಿದು ತೆರವಾದ ಜಾಗವನ್ನು ಇವು ಆಕ್ರಮಿಸುತ್ತವೆ. ವೈರಸ್ಸುಗಳಲ್ಲಿ ಹೆಸರಿಸಬೇಕಾದ್ದು ಸೀತಾಳೆ ಸಿಡುಬಿನ ವೈರಸ್. ಬಾಲ್ಯದಲ್ಲಿ ಬಂದುಹೋದದ್ದು ನರಗಂಟಿನಲ್ಲಿ ಅಡಗಿದ್ದು ದಶಕಗಳ ಮೇಲೆ ಕಿವಿಯಲ್ಲಿ ಸರ್ಪಸುತ್ತಾಗಿ ಏಳುತ್ತದೆ.

ಪ್ರಕಾರಗಳು

ತೀವ್ರ ವ್ಯಾಪಕ ಸೋಂಕು ಅತಿ ಸಾಮಾನ್ಯ ರೂಪ. ಒಂದೆರಡು ದಿನಗಳಲ್ಲೇ ನಾಳದ ಪೂರ್ತಿ ಚರ್ಮ ಕೆಂಪಾಗಿ ಊದುತ್ತದೆ. ಮೊದಲು ತುರಿಕೆ, ಆಮೇಲೆ ನೋವು, ನೀರಿನಂಥ ಸೋರಿಕೆ. ಅದು ಬರಬರುತ್ತ ಕೀವಾಗುತ್ತದೆ. ಊತ ಹೆಚ್ಚಾದರೆ ನಾಳ ಮುಚ್ಚಿ ಕೇಳಿಸುವುದು ಮಂದವಾಗುತ್ತದೆ.

ಕುರು ಏಳುವುದು ನಾಳದ ಹೊರ ಮೂರನೆಯ ಒಂದು ಭಾಗದಲ್ಲಿ ಮಾತ್ರ, ಏಕೆಂದರೆ ಕೂದಲಿನ ಬೇರು ಇರುವುದು ಅಲ್ಲಷ್ಟೇ. ಇದರ ಕರ್ತೃ ಸ್ಟ್ಯಾಫಿಲೊಕಾಕಸ್ ಆರಿಯಸ್. ಗಾತ್ರ ಚಿಕ್ಕದು, ನೋವು ವಿಪರೀತ. ಒಡೆದು ಕೀವು ಹೋದ ಕೂಡಲೇ ಶಮನ. ಮತ್ತೆಮತ್ತೆ ಕುರುವಾಗುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸುವುದು ರೂಢಿ.

ಓಟೊಮೈಕೋಸಿಸ್ ಅಥವಾ ಬೂಷ್ಟಿನ ಸೋಂಕಿನಲ್ಲಿ ನೋವಿಗಿಂತ ತುರಿಕೆಯೂ ಕಿವಿ ಕಟ್ಟಿದಂತಾಗುವುದೂ ಮುಂದು. ಆಸ್ಪರ್ಜಿಲಸ್ ನೈಜರ್ ಬೆಳೆದ ನಾಳದಲ್ಲಿ ಬಿಳಿಯ ರಾಶಿಯ ಮೇಲೆ ಕಪ್ಪು ಚುಕ್ಕಿಗಳು ಕಾಣುತ್ತವೆ, ಪಠ್ಯಪುಸ್ತಕಗಳು ಇದನ್ನು ನೆನೆದ ವೃತ್ತಪತ್ರಿಕೆಗೆ ಹೋಲಿಸುತ್ತವೆ. ಕ್ಯಾಂಡಿಡ ಆದರೆ ಕೆನೆಯ ಬಣ್ಣದ ಮೆತ್ತನೆಯ ಪದರ.

ದೀರ್ಘಕಾಲಿಕ ರೂಪ ಮೂರು ತಿಂಗಳಿಗೂ ಮೀರಿ ಎಳೆಯುತ್ತದೆ. ನೋವು ಇಲ್ಲದಿದ್ದರೂ ತುರಿಕೆ ಬಿಡುವುದಿಲ್ಲ. ಚರ್ಮ ದಪ್ಪಗಾಗಿ ಒಣಗುತ್ತದೆ, ಗುಗ್ಗೆ ಹುಟ್ಟುವುದೇ ನಿಲ್ಲುತ್ತದೆ. ಮೂಲದಲ್ಲಿ ಹೆಚ್ಚಾಗಿ ಚರ್ಮರೋಗ ಇಲ್ಲವೆ ಅಲರ್ಜಿ ಇರುತ್ತದೆ. ಚಿಕಿತ್ಸೆಗೆಂದು ಹಾಕಿದ ಹನಿಯಲ್ಲಿರುವ ನಿಯೊಮೈಸಿನ್ ಕೂಡ ಅಂಥ ಅಲರ್ಜಿಗೆ ಹೆಸರಾದದ್ದು.

ಹಾಲೆಯ ಸೋಂಕುಗಳಲ್ಲಿ ಎರಡನ್ನು ಬೇರ್ಪಡಿಸಬೇಕು. ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಎರಿಸಿಪೆಲಸ್ ಚರ್ಮದ ರೋಗವಾದ್ದರಿಂದ ಓಲೆಯ ಭಾಗವನ್ನೂ ಕೆಂಪಾಗಿಸುತ್ತದೆ. ಮೃದ್ವಸ್ಥಿಯ ಪೊರೆಯ ಸೋಂಕು ಓಲೆಯ ಭಾಗವನ್ನು ಮುಟ್ಟುವುದಿಲ್ಲ, ಅಲ್ಲಿ ಮೃದ್ವಸ್ಥಿಯೇ ಇಲ್ಲ. ಈ ಎರಡನೆಯದು ಗಂಭೀರ: ಪೊರೆಯಿಂದಲೇ ಪೋಷಣೆ ಪಡೆಯುವ ಮೃದ್ವಸ್ಥಿ ಸತ್ತು ಹಾಲೆ ಮುದುಡಿ ವಿಕಾರವಾಗುತ್ತದೆ. ಓಲೆಗಾಗಿ ಕಿವಿಯ ಕೆಳತುದಿ ಚುಚ್ಚುವುದಕ್ಕೂ ಬುಗುಡಿಯ ಹಾಗೆ ಮೇಲಂಚಿನಲ್ಲಿ ಧರಿಸುವ ಆಭರಣಕ್ಕಾಗಿ ಮೃದ್ವಸ್ಥಿಯನ್ನೇ ಚುಚ್ಚುವುದಕ್ಕೂ ಇರುವ ಅಪಾಯದ ವ್ಯತ್ಯಾಸ ಇದೇ. ಮೇಲಂಚಿನ ಚುಚ್ಚುಗಾಯದಲ್ಲಿ ಸ್ಯೂಡೊಮೊನಾಸ್ ಸೋಂಕು ಹೆಚ್ಚು.

ಕಿವಿಯ ಸರ್ಪಸುತ್ತಿನಲ್ಲಿ ಹಾಲೆಯ ಗುಳಿ ಮತ್ತು ನಾಳದಲ್ಲಿ ನೀರುಗುಳ್ಳೆಗಳು ಏಳುತ್ತವೆ. ಅದೇ ಬದಿಯ ಮುಖ ಸೊಟ್ಟಗಾಗುತ್ತದೆ, ಕೆಲವರಿಗೆ ತಲೆಸುತ್ತು ಮತ್ತು ಕಿವುಡು ಬರುತ್ತವೆ. ಅಮೆರಿಕದ ನರವೈದ್ಯ ಜೇಮ್ಸ್ ರಾಮ್ಸೆ ಹಂಟ್ 1907ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರು. ಮೊದಲ ಮೂರು ದಿನಗಳಲ್ಲಿ ವೈರಸ್‌ವಿರೋಧಿ ಔಷಧ ಮತ್ತು ಸ್ಟೀರಾಯ್ಡ್ ಶುರುವಾದರೆ ಮುಖ ಚೇತರಿಸುವ ಸಾಧ್ಯತೆ ಹೆಚ್ಚು.

ಮೂಳೆಕೊರೆಯುವ ಹೊರಕಿವಿ ಸೋಂಕು ಇವೆಲ್ಲವುಗಳಲ್ಲಿ ಭೀಕರ. ಚಾಂಡ್ಲರ್ ಇದನ್ನು ‘ಮಾರಕ’ (ಮ್ಯಾಲಿಗ್ನೆಂಟ್) ಎಂದು ಕರೆದರು. ಕ್ಯಾನ್ಸರ್ ಎಂಬ ತಪ್ಪು ಅರ್ಥ ಬರುವುದರಿಂದ ಆ ಹೆಸರು ಈಗ ಹಿಂದೆ ಸರಿಯುತ್ತಿದೆ. ಇದಕ್ಕೆ ಸಿಲುಕುವವರು ಬಹುಪಾಲು ವಯಸ್ಸಾದ ಮಧುಮೇಹಿಗಳು, ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರು. ಸ್ಯೂಡೊಮೊನಾಸ್ ನಾಳದ ಚರ್ಮವನ್ನು ದಾಟಿ ಶಂಖಾಸ್ಥಿಗೆ, ಅಲ್ಲಿಂದ ತಲೆಬುರುಡೆಯ ತಳಕ್ಕೆ ಹಬ್ಬುತ್ತದೆ. ರಾತ್ರಿ ನಿದ್ದೆಗೆಡಿಸುವ, ಕಣ್ಣಿಗೆ ಕಾಣುವ ಗಾಯಕ್ಕೆ ಸ್ವಲ್ಪವೂ ತಾಳೆಯಾಗದಷ್ಟು ತೀವ್ರ ನೋವು ಇದರ ಗುರುತು. ಮೃದ್ವಸ್ಥಿ ಮತ್ತು ಮೂಳೆ ಕೂಡುವೆಡೆ ಕೆಂಪು ಮಾಂಸದ ಚಿಗುರು ಕಾಣುತ್ತದೆ. ರೋಗ ಮುಂದುವರಿದರೆ ಮೊದಲು ಮುಖನರ, ಆಮೇಲೆ ನುಂಗಲು, ಮಾತಾಡಲು ನೆರವಾಗುವ ನರಗಳು ಸೋಲುತ್ತವೆ. ಮೊದಮೊದಲ ವರದಿಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಸಾಯುತ್ತಿದ್ದರು. 1980ರ ದಶಕದ ಕೊನೆಗೆ ಬಂದ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಆ ಚಿತ್ರವನ್ನು ಬದಲಿಸಿತು. ಆದರೂ ಕನಿಷ್ಠ ಆರು ವಾರಗಳ ಔಷಧ, ಸಕ್ಕರೆಯ ಬಿಗಿ ಹತೋಟಿ, ಸಿಟಿ ಸ್ಕ್ಯಾನ್ ಮುಂತಾದ ಮರುಪರೀಕ್ಷೆಗಳು ಬೇಕೇ ಬೇಕು.

ಹುಳುಬಾಧೆಯನ್ನೂ ಇಲ್ಲಿಯೇ ಹೇಳಬೇಕು. ಸೋರುವ, ನಾರುವ ಕಿವಿಯಲ್ಲಿ ನೊಣ ಮೊಟ್ಟೆಯಿಟ್ಟು ಹುಳುವಾಗುವುದು ಸುಶ್ರುತಸಂಹಿತೆಯ ಕೃಮಿಕರ್ಣದಲ್ಲಿ ಬಂದಿದೆ. ಆರೈಕೆಯಿಲ್ಲದ ಮಕ್ಕಳು ಮತ್ತು ವೃದ್ಧರಲ್ಲಿ ಇಂದಿಗೂ ಇದು ಅಪರೂಪವಾಗಿ ಕಾಣುತ್ತದೆ.

ಪತ್ತೆ

ಸರಳ ಪರೀಕ್ಷೆಯೆಂದರೆ ಟ್ರೇಗಸ್ ಒತ್ತುವುದು ಅಥವಾ ಹಾಲೆಯನ್ನು ಎಳೆಯುವುದು. ಹೊರಕಿವಿಯ ಸೋಂಕಾದರೆ ನೋವು ಚುಚ್ಚಿಕೊಂಡು ಬರುತ್ತದೆ. ನಡುಕಿವಿಯದಾದರೆ ಸಾಮಾನ್ಯವಾಗಿ ಬರುವುದಿಲ್ಲ. ಓಟೋಸ್ಕೋಪ್ ಹಾಕುವ ಮುನ್ನ ವಯಸ್ಕರಲ್ಲಿ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ, ಕೂಸುಗಳಲ್ಲಿ ಕೆಳಕ್ಕೂ ಹಿಂದಕ್ಕೂ ಎಳೆದು ನಾಳವನ್ನು ನೇರ ಮಾಡಲಾಗುತ್ತದೆ. ತಮಟೆ ಕಂಡರೆ ಅನುಮಾನ ಬಹುತೇಕ ಬಗೆಹರಿಯುತ್ತದೆ. ಕೀವನ್ನು ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ ಕಳಿಸುವುದು ಎಲ್ಲರಿಗೂ ಅಗತ್ಯವಿಲ್ಲ. ಚಿಕಿತ್ಸೆಗೆ ಬಗ್ಗದಿದ್ದಾಗ, ಮಧುಮೇಹಿಗಳಲ್ಲಿ, ಮರುಕಳಿಸಿದಾಗ ಬೇಕು. ದವಡೆಹಲ್ಲಿನ ಹುಳುಕು, ದವಡೆಕೀಲಿನ ತೊಂದರೆ, ಗಂಟಲ ಗೆಡ್ಡೆಯೂ ಕಿವಿಯಲ್ಲಿ ನೋವಾಗಿ ಕಾಣಿಸಿಕೊಳ್ಳಬಲ್ಲವು. ಕಿವಿ ನೋಡಲು ಚೆನ್ನಾಗಿಯೇ ಇದ್ದು ನೋವು ಮಾತ್ರ ಇದ್ದರೆ ವೈದ್ಯರು ಬಾಯಿ, ಗಂಟಲು ಪರೀಕ್ಷಿಸುತ್ತಾರೆ.

ಚಿಕಿತ್ಸೆ

ಮೊದಲ ಕೆಲಸ ಶುಚಿ. ಕೀವು, ಸತ್ತ ಚರ್ಮ, ಬೂಷ್ಟನ್ನು ಸೂಕ್ಷ್ಮದರ್ಶಕದಡಿ ಹೀರಿ ಅಥವಾ ಒರೆಸಿ ತೆಗೆಯದೆ ಯಾವ ಹನಿಯೂ ಚರ್ಮವನ್ನು ಮುಟ್ಟುವುದಿಲ್ಲ. ಬೂಷ್ಟಿನ ಸೋಂಕಿನಲ್ಲಂತೂ ಅರ್ಧ ಚಿಕಿತ್ಸೆ ಇದೇ. ನಾಳ ಊದಿ ಮುಚ್ಚಿದ್ದರೆ ಔಷಧದಲ್ಲಿ ಅದ್ದಿದ ಬತ್ತಿಯನ್ನು ಒಳಗೆ ಇಡುತ್ತಾರೆ. ಭಾರತದ ಕಿವಿ, ಮೂಗು, ಗಂಟಲು ವಿಭಾಗಗಳಲ್ಲಿ ಇಕ್ತಮಾಲ್ ಗ್ಲಿಸರಿನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯ ಪಟ್ಟಿ ಬಹುಕಾಲದಿಂದ ಬಳಕೆಯಲ್ಲಿದೆ. ಗ್ಲಿಸರಿನ್ ಊತದ ನೀರನ್ನು ಎಳೆದುಕೊಳ್ಳುತ್ತದೆ.

ಬ್ಯಾಕ್ಟೀರಿಯ ಸೋಂಕಿಗೆ ಕಿವಿಹನಿಯೇ ಮುಖ್ಯ ಔಷಧ, ನುಂಗುವ ಮಾತ್ರೆಯಲ್ಲ. ಹನಿಯಿಂದ ಚರ್ಮದ ಮೇಲೆ ಸಿಗುವ ಔಷಧದ ಸಾಂದ್ರತೆ ಮಾತ್ರೆಯಿಂದ ಸಿಗುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಶೇಕಡ 2ರ ಅಸಿಟಿಕ್ ಆಮ್ಲ, ಶೇಕಡ 0.3ರ ಸಿಪ್ರೊಫ್ಲಾಕ್ಸಸಿನ್ ಅಥವಾ ಒಫ್ಲಾಕ್ಸಸಿನ್, ನಿಯೊಮೈಸಿನ್ ಮತ್ತು ಪಾಲಿಮಿಕ್ಸಿನ್ ಮಿಶ್ರಣ, ಇವುಗಳೊಂದಿಗೆ ಊತ ಇಳಿಸಲು ಸ್ಟೀರಾಯ್ಡ್ ಎಲ್ಲವೂ ಬಳಕೆಯಲ್ಲಿವೆ. 19 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಬಂದ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಮೊದಲ ವಾರದಲ್ಲಿ ಅಸಿಟಿಕ್ ಆಮ್ಲ ಉಳಿದವುಗಳಿಗೆ ಸರಿಸಮ. ಚಿಕಿತ್ಸೆ ಅದಕ್ಕಿಂತ ಮುಂದುವರಿಯಬೇಕಾದರೆ ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಮಿಶ್ರಣ ಮೇಲು. ತಮಟೆ ತೂತಾಗಿರುವ ಅನುಮಾನವಿದ್ದರೆ ನಿಯೊಮೈಸಿನ್, ಜೆಂಟಮೈಸಿನ್‌ಗಳನ್ನು ಬಿಡಲಾಗುತ್ತದೆ, ಅವು ಒಳಕಿವಿಗೆ ವಿಷ. ಜ್ವರ ಬಂದಾಗ, ಸೋಂಕು ನಾಳದ ಹೊರಗೆ ಹರಡಿದಾಗ, ಮಧುಮೇಹವಿದ್ದಾಗ ಮಾತ್ರೆ ಅಥವಾ ಇಂಜೆಕ್ಷನ್ ಸೇರುತ್ತದೆ. ನೋವಿಗೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್.

ಬೂಷ್ಟಿಗೆ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಹನಿ. ಅಲ್ಲಿ ಆಂಟಿಬಯಾಟಿಕ್ ಹನಿಯಿಂದ ಉಪಯೋಗವಿಲ್ಲ, ಹಾನಿಯಿದೆ.

ಹನಿ ಹಾಕುವುದಕ್ಕೂ ಕ್ರಮವುಂಟು. ಸೀಸೆಯನ್ನು ಕೆಲ ನಿಮಿಷ ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತರಬೇಕು. ತಣ್ಣನೆಯ ಹನಿ ಒಳಕಿವಿಯ ದ್ರವವನ್ನು ಕದಲಿಸಿ ತಲೆಸುತ್ತು ತರುತ್ತದೆ. ಕಿವಿಗೆ ಹಾಯಿಸಿದ ನೀರಿನ ಬಿಸಿ ತಂಪುಗಳಿಂದ ಹೀಗೇಕಾಗುತ್ತದೆ ಎಂಬುದನ್ನು ಬಿಡಿಸಿ, ಸಮತೋಲದ ಅಂಗದ ಕುರಿತ ಸಂಶೋಧನೆಗಾಗಿ ರಾಬರ್ಟ್ ಬರಾನಿ 1914ರ ನೊಬೆಲ್ ಪಡೆದರು. ಹನಿ ಬಿಟ್ಟ ಮೇಲೆ ಮೂರರಿಂದ ಐದು ನಿಮಿಷ ಪಕ್ಕಕ್ಕೆ ಮಲಗಿ, ಟ್ರೇಗಸನ್ನು ಮೆಲ್ಲಗೆ ಅದುಮಿದರೆ ಔಷಧ ಒಳಗಿಳಿಯುತ್ತದೆ. ಎರಡು ಮೂರು ದಿನಗಳಲ್ಲಿ ನೋವು ತಗ್ಗಬೇಕು. ತಗ್ಗದಿದ್ದರೆ ಔಷಧ ತಲುಪುತ್ತಿಲ್ಲ, ರೋಗಾಣು ಬೇರೆ, ಅಥವಾ ರೋಗವೇ ಬೇರೆ ಎಂದು ಮತ್ತೆ ಪರೀಕ್ಷಿಸಲಾಗುತ್ತದೆ. ಸ್ನಾನದ ವೇಳೆ ಪೆಟ್ರೋಲಿಯಂ ಜೆಲ್ಲಿ ಸವರಿದ ಹತ್ತಿಯನ್ನು ನಾಳದ ಬಾಯಿಗೆ ಇಟ್ಟುಕೊಳ್ಳುವುದು ವಾಡಿಕೆ.

ತಡೆ

ಈಜು ಅಥವಾ ಸ್ನಾನದ ಬಳಿಕ ತಲೆಯನ್ನು ಎರಡೂ ಬದಿಗೆ ವಾಲಿಸಿ ನೀರು ಬಸಿಯುವುದು, ಹೊರಗನ್ನು ಬಟ್ಟೆಯಿಂದ ಒರೆಸುವುದು ಬಹುತೇಕರಿಗೆ ಸಾಕು. ಪದೇಪದೇ ಸೋಂಕಾಗುವವರಿಗೆ, ತಮಟೆ ಸರಿಯಿದ್ದರೆ, ಈಜಿನ ನಂತರ ಆಮ್ಲೀಯ ಹನಿಯನ್ನು ವೈದ್ಯರು ಸೂಚಿಸುತ್ತಾರೆ. ಈಜುಕೊಳಗಳಲ್ಲಿ ಪ್ರತಿ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಮುಕ್ತ ಕ್ಲೋರಿನ್ ಇರಬೇಕು, ಪಿಎಚ್ 7.0ರಿಂದ 7.8ರ ನಡುವೆ ಇರಬೇಕು ಎಂಬುದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಸಲಹೆ. ಶ್ರವಣಸಾಧನದ ಅಚ್ಚನ್ನು ರಾತ್ರಿ ತೆಗೆದು ಒಣಗಿಸಬೇಕು. ಮಧುಮೇಹಿಗಳ ಕಿವಿಗೆ ಪಿಚಕಾರಿಯಿಂದ ನೀರು ಹಾಯಿಸಿ ಗುಗ್ಗೆ ತೆಗೆಯುವುದು ಅಪಾಯಕರ. ಮೂಳೆಗಿಳಿದ ಸೋಂಕುಗಳಲ್ಲಿ ಕೆಲವು ಹಾಗೆಯೇ ಆರಂಭವಾದವು.

ಇಂದಿನ ಸ್ಥಿತಿ

ರೋಗ ಹಳೆಯದಾದರೂ ರೋಗಾಣುಗಳು ಬದಲಾಗುತ್ತಿವೆ. ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದ ಸ್ಯೂಡೊಮೊನಾಸ್ ಈಗ ಮೂಳೆಕೊರೆಯುವ ಸೋಂಕಿನಲ್ಲೂ ಸಿಗುತ್ತದೆ, ಆಗ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇಂಜೆಕ್ಷನ್ ಅನಿವಾರ್ಯ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ಆದ್ಯತಾ ಪಟ್ಟಿಯಲ್ಲಿ ಕಾರ್ಬಪೆನೆಮ್ ವರ್ಗದ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸ್ಯೂಡೊಮೊನಾಸ್ ಉನ್ನತ ವರ್ಗದಲ್ಲಿದೆ. 2009ರಲ್ಲಿ ಜಪಾನಿನಲ್ಲಿ ವೃದ್ಧೆಯೊಬ್ಬರ ಕರ್ಣನಾಳದಿಂದ ಮೊದಲ ಬಾರಿ ಗುರುತಿಸಲಾದ ಕ್ಯಾಂಡಿಡ ಆರಿಸ್ ಎಂಬ ಶಿಲೀಂಧ್ರ ಅನಂತರದ ವರ್ಷಗಳಲ್ಲಿ ಭಾರತವೂ ಸೇರಿ ಹಲವು ದೇಶಗಳ ತೀವ್ರ ನಿಗಾ ಘಟಕಗಳಲ್ಲಿ ರಕ್ತದ ಸೋಂಕಾಗಿ ಕಾಣಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಲೀಂಧ್ರಗಳ ಆದ್ಯತಾ ಪಟ್ಟಿಯಲ್ಲಿ ಅದು ಅತಿ ಗಂಭೀರ ವರ್ಗದಲ್ಲಿದೆ.

ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಅಂದಾಜಿಸಿತು. ಹೊರಕಿವಿಯ ಸೋಂಕು ಮೂಳೆಗಿಳಿಯುವ ಅಪಾಯವಿರುವವರ ಸಂಖ್ಯೆಯೂ ಇದರೊಂದಿಗೆ ಬೆಳೆಯುತ್ತಿದೆ. 2006ರಲ್ಲಿ ಪ್ರಾಯೋಗಿಕವಾಗಿ ಶುರುವಾದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ತಳಮಟ್ಟದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಿವಿ ಪರೀಕ್ಷೆಯ ತರಬೇತಿ ಕೊಡುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮುಖ್ಯ ಕೆಲಸ ಶ್ರವಣದೋಷ ಮತ್ತು ಮಾತಿನ ದೋಷಗಳದ್ದಾದರೂ ಅಲ್ಲಿ ಕಿವಿ, ಮೂಗು, ಗಂಟಲಿನ ತಪಾಸಣೆಯೂ ಇದೆ.

ಹತ್ತಿಕಡ್ಡಿಯ ಜಾಗಕ್ಕೆ ಈಗ ಮೊಬೈಲ್ ಪರದೆಯಲ್ಲಿ ನಾಳದ ಚಿತ್ರ ತೋರಿಸುವ ಕ್ಯಾಮೆರಾ ಚಮಚಗಳು ಬಂದಿವೆ. ಕೊರೆಯುವ ತುದಿ ಅವುಗಳಲ್ಲೂ ಇದೆ. ಇನ್ನೊಂದೆಡೆ ಆಂಟಿಬಯಾಟಿಕ್, ಶಿಲೀಂಧ್ರನಾಶಕ, ಸ್ಟೀರಾಯ್ಡ್, ಮರಗಟ್ಟಿಸುವ ಔಷಧ ನಾಲ್ಕನ್ನೂ ಒಂದೇ ಸೀಸೆಯಲ್ಲಿ ಬೆರೆಸಿದ ಹನಿಗಳು ಭಾರತದ ಔಷಧದಂಗಡಿಗಳಲ್ಲಿ ಸಾಮಾನ್ಯ, ವೈದ್ಯರ ಚೀಟಿಯಿಲ್ಲದೆಯೂ ಅವು ಕೈಗೆ ಸಿಗುತ್ತವೆ. ಕಿವಿಯೊಳಗೆ ನೋಡದೆ ಕೊಂಡ ಹನಿಯನ್ನು ವಾರಗಟ್ಟಲೆ ಹಾಕಿಕೊಂಡು, ನೋವು ಹೋಗಿ ತುರಿಕೆ ಉಳಿದಾಗ ತಜ್ಞರ ಬಳಿಗೆ ಬರುವವರ ನಾಳದಲ್ಲಿ ಹಲವು ಸಲ ಕಾಣುವುದು ಆಸ್ಪರ್ಜಿಲಸ್.